ಇಪ್ಪತ್ತೈದು ಎಕರೆಗೊಂದು ಮನೆ

ಪೊಟೋಮ್ಯಾಕ್ ನದಿಯ ಒಂದು ದಡದಲ್ಲಿ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿ, ಎದುರು ದಡದಲ್ಲಿ ಮೇರಿಲ್ಯಾಂಡಿನ ಮಾಂಟ್ಗೊಮೆರಿ ಕೌಂಟಿ. ಎರಡೂ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಿನವು. ಎರಡರಲ್ಲೂ ಒಳ್ಳೆಯ ಮಣ್ಣಿದೆ, ಒಳ್ಳೆಯ ಶಾಲೆಗಳಿವೆ, ಕೈತುಂಬ ಸಂಬಳ ತರುವವರಿದ್ದಾರೆ. ಕನ್ನಡಿಗರೂ ಎರಡೂ ಕಡೆ ನೆಲೆಸಿದ್ದಾರೆ. ‘ಕಾವೇರಿ’ ಕನ್ನಡ ಸಂಘದ ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರುವವರಲ್ಲಿ ಅರ್ಧ ಜನ ಆ ದಡದಿಂದ ಬಂದರೆ ಅರ್ಧ ಜನ ಈ ದಡದವರು. ಆದರೆ ಹಗಲಿನಲ್ಲಿ ಡಲ್ಲಸ್ ವಿಮಾನ ನಿಲ್ದಾಣಕ್ಕೆ ಇಳಿಯುವಾಗ ಕಿಟಕಿಯ ಪಕ್ಕ ಕೂತವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಲೌಡನ್ ಕಡೆಯ ಪೂರ್ವ ಭಾಗವೆಲ್ಲ ಮನೆಗಳ ಸಾಲು, ಡೇಟಾ ಸೆಂಟರುಗಳ ಚಪ್ಪಟೆ ತಾರಸಿ. ಮಾಂಟ್ಗೊಮೆರಿ ಕಡೆ ಜೋಳ, ಸೋಯಾ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಕೊಟ್ಟಿಗೆ.

ಮಾಂಟ್ಗೊಮೆರಿಯಲ್ಲಿ ಜನ ಕಡಿಮೆ, ಅದಕ್ಕೇ ಹೊಲ ಉಳಿದಿದೆ ಎಂದುಕೊಂಡರೆ ತಪ್ಪು. 2020ರ ಜನಗಣತಿಯಲ್ಲಿ ಲೌಡನ್ನಿನಲ್ಲಿ ಇದ್ದವರು 4 ಲಕ್ಷ 20 ಸಾವಿರ ಚಿಲ್ಲರೆ. ಮಾಂಟ್ಗೊಮೆರಿಯಲ್ಲಿ 10 ಲಕ್ಷ 62 ಸಾವಿರ. ಎರಡೂವರೆ ಪಟ್ಟು ಜನರನ್ನು ಹೊತ್ತುಕೊಂಡೂ ಈ ಕೌಂಟಿ ತನ್ನ ನೆಲದ ಸುಮಾರು ಮೂರನೇ ಒಂದು ಭಾಗವನ್ನು, ಅಂದರೆ 93 ಸಾವಿರ ಎಕರೆಯನ್ನು, ಬೇಸಾಯಕ್ಕೆ ಮೀಸಲಿಟ್ಟಿದೆ. ಶ್ವೇತಭವನದಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಪೂಲ್ಸ್‌ವಿಲ್ ಎಂಬ ಊರು. ಅದರ ಸುತ್ತ ಎಲ್ಲಿ ನೋಡಿದರೂ ಹೊಲ. ನೆಲದ ಬೆಲೆ ಗಗನಕ್ಕೇರಿದ ಮಹಾನಗರವೊಂದರ ಬಾಗಿಲಲ್ಲೇ ನಾಲ್ಕೂವರೆ ದಶಕ ಇದು ಹೀಗೆ ನಿಂತಿದೆ. ನಿಲ್ಲಿಸಿದ್ದು ಒಂದು ಝೋನಿಂಗ್ ನಿಯಮ: ಇಪ್ಪತ್ತೈದು ಎಕರೆಗೆ ಒಂದೇ ಮನೆ.

ಕೌಂಟಿ ಎಂದರೆ ಅಂದಾಜಿಗೆ ನಮ್ಮ ಜಿಲ್ಲೆ. ವ್ಯತ್ಯಾಸವೇನೆಂದರೆ, ಯಾವ ನೆಲದಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು, ಒಂದು ಜಮೀನನ್ನು ಎಷ್ಟು ತುಂಡು ಮಾಡಬಹುದು ಎಂಬ ಅಧಿಕಾರ ಅಲ್ಲಿ ಬಹುತೇಕ ಚುನಾಯಿತ ಕೌಂಟಿ ಕೌನ್ಸಿಲ್‌ನ ಕೈಯಲ್ಲಿದೆ. ಇಡೀ ಕೌಂಟಿಯನ್ನು ನಕ್ಷೆಯ ಮೇಲೆ ವಲಯಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಸಂಕೇತ ಕೊಟ್ಟಿರುತ್ತಾರೆ. ಮಾಂಟ್ಗೊಮೆರಿಯಲ್ಲಿ ‘ಆರ್-60’ ಎಂದರೆ ಒಂದು ಮನೆಗೆ ಕನಿಷ್ಠ 6,000 ಚದರ ಅಡಿಯ ಸೈಟು ಬೇಕು. ನಮ್ಮ ಅರವತ್ತು-ನಲವತ್ತರ ಸೈಟಿನ ಎರಡೂವರೆ ಪಟ್ಟು. ಅಲ್ಲಿಯ ಲೆಕ್ಕದಲ್ಲಿ ಅದು ಚಿಕ್ಕದು. ‘ಆರ್-90’ಕ್ಕೆ 9,000, ‘ಆರ್-200’ಕ್ಕೆ 20,000 ಚದರ ಅಡಿ. ‘ಆರ್‌ಇ-2’ ಎಂಬ ವಲಯದಲ್ಲಿ ಎರಡು ಎಕರೆಗಿಂತ ಚಿಕ್ಕ ಸೈಟೇ ಇಲ್ಲ. ಊರ ನಡುವಿನಿಂದ ಹೊರಗೆ ಹೋದಂತೆಲ್ಲ ಸಂಖ್ಯೆ ಹಿಗ್ಗುತ್ತಾ ಹೋಗಿ, ಕೊನೆಗೆ ಬೇಸಾಯದ ಮೀಸಲು ವಲಯಕ್ಕೆ ಬಂದಾಗ ಇಪ್ಪತ್ತೈದು ಎಕರೆಗೆ ಮುಟ್ಟುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಒಂದು ಸಾವಿರ ಗುಂಟೆಗೆ ಒಂದು ಮನೆ.

ಇಲ್ಲಿ ಒಂದು ವಿಷಯವನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಇಡೀ ವ್ಯವಸ್ಥೆಯ ಜಾಣತನ ಇರುವುದೇ ಅದರಲ್ಲಿ. ಸಾಂದ್ರತೆ ಬೇರೆ, ಸೈಟಿನ ಅಳತೆ ಬೇರೆ. ಇಪ್ಪತ್ತೈದು ಎಕರೆಗೊಂದು ಮನೆ ಎಂದ ಮಾತ್ರಕ್ಕೆ ಪ್ರತಿ ಮನೆಗೂ ಇಪ್ಪತ್ತೈದು ಎಕರೆಯ ಸೈಟು ಕೊಯ್ದು ಕೊಡಬೇಕೆಂದಿಲ್ಲ. ನೂರು ಎಕರೆಯ ಒಂದು ಹೊಲವಿದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ಮನೆಗೆ ಅವಕಾಶ. ಆದರೆ ಆ ವಲಯದಲ್ಲಿ ಸೈಟಿನ ಕನಿಷ್ಠ ಅಳತೆ 40,000 ಚದರ ಅಡಿ ಮಾತ್ರ. ಒಂದು ಎಕರೆಗೂ ಮೂರು ಗುಂಟೆಯಷ್ಟು ಕಡಿಮೆ. ಹಾಗಾಗಿ ನಾಲ್ಕು ಮನೆಗಳನ್ನು ರಸ್ತೆಯ ಪಕ್ಕದ ಒಂದು ಮೂಲೆಯಲ್ಲಿ ಒಟ್ಟಿಗೆ ಕಟ್ಟಿ, ಉಳಿದ ತೊಂಬತ್ತಾರು ಎಕರೆಯನ್ನು ಒಂದೇ ತುಂಡಾಗಿ ಉಳುಮೆಗೆ ಬಿಡಬಹುದು. ಮನೆಗಳ ಸಂಖ್ಯೆಗೆ ಕಡಿವಾಣ ಬಿಗಿಯಾಗಿದೆ, ಸೈಟಿನ ಅಳತೆಗೆ ಸಡಿಲವಾಗಿದೆ. ಟ್ರ್ಯಾಕ್ಟರ್ ತಿರುಗಲು ಜಾಗ ಉಳಿಯುವುದು ಹೀಗೆ.

ಇದನ್ನು ಕಂಡುಕೊಳ್ಳುವ ಮೊದಲು ಕೌಂಟಿ ಒಂದು ದೊಡ್ಡ ತಪ್ಪು ಮಾಡಿತ್ತು. ಆ ತಪ್ಪಿನ ಕಥೆಯನ್ನು ನಾನು ವಿವರವಾಗಿ ಹೇಳಬಯಸುತ್ತೇನೆ, ಏಕೆಂದರೆ ಅದೇ ತಪ್ಪು ಈಗಲೂ ಎಷ್ಟೋ ಕಡೆ ನಡೆಯುತ್ತಿದೆ. 1964ರಲ್ಲಿ ಮಾಂಟ್ಗೊಮೆರಿ ಮತ್ತು ಪಕ್ಕದ ಪ್ರಿನ್ಸ್ ಜಾರ್ಜ್ಸ್ ಕೌಂಟಿಗಳಿಗೆ ಒಂದು ಸಾಮಾನ್ಯ ಯೋಜನೆ ಬಂತು. ಊರು ಬೆಳೆಯುವುದು ಹೆದ್ದಾರಿ ಮತ್ತು ರೈಲಿನ ಉದ್ದಕ್ಕೆ, ಅಂಗೈಯಿಂದ ಚಾಚಿದ ಬೆರಳುಗಳಂತೆ. ಬೆರಳುಗಳ ನಡುವಿನ ಜಾಗ ಹಸಿರಾಗಿ ಉಳಿಯಬೇಕು ಎಂಬುದು ಅದರ ಸಾರ. ಯೋಜನೆಯೇನೋ ಚೆನ್ನಾಗಿತ್ತು. ಹಸಿರು ಜಾಗವನ್ನು ಉಳಿಸಿಕೊಳ್ಳುವ ಉಪಾಯ ಮಾತ್ರ ಯಾರಲ್ಲೂ ಇರಲಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಕೌಂಟಿ ಆ ಹಸಿರು ಭಾಗಕ್ಕೆ ಐದು ಎಕರೆಗೊಂದು ಮನೆ ಎಂಬ ನಿಯಮ ತಂದಿತು. ಸೈಟು ಇಷ್ಟು ದೊಡ್ಡದಾದರೆ ಯಾರು ತಾನೇ ಕೊಳ್ಳುತ್ತಾರೆ, ಹೊಲ ಹೊಲವಾಗಿಯೇ ಉಳಿಯುತ್ತದೆ ಎಂಬುದು ಲೆಕ್ಕಾಚಾರ.

ಕೊಳ್ಳುವವರು ಸಾಲುಗಟ್ಟಿದರು. ರಾಜಧಾನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವರಿಗೆ ಐದು ಎಕರೆಯ ನಡುವೆ ಒಂದು ಬಂಗಲೆ ಎಂದರೆ ಬೇಡವಾಗುತ್ತದೆಯೇ? ನೂರು ಎಕರೆಯ ಹೊಲ ಇಪ್ಪತ್ತು ತುಂಡಾಯಿತು. ಬೇಸಾಯ ಮಾಡಲು ಚಿಕ್ಕದು, ಹುಲ್ಲು ಕತ್ತರಿಸಲು ದೊಡ್ಡದು ಎಂದು ಅಲ್ಲಿಯವರು ಅಂಥ ತುಂಡುಗಳ ಬಗ್ಗೆ ಹೇಳುವುದುಂಟು. ಅಕ್ಕಪಕ್ಕದ ರೈತನ ಪಾಡು ಇನ್ನೂ ಕಷ್ಟ. ಬೆಳಗಿನ ಜಾವ ಟ್ರ್ಯಾಕ್ಟರ್ ಸದ್ದು ಮಾಡಿದರೆ ದೂರು, ಗೊಬ್ಬರ ಹರಡಿದರೆ ದೂರು, ಗದ್ದೆಯಿಂದ ಗದ್ದೆಗೆ ಕಟಾವು ಯಂತ್ರ ಸಾಗಿಸುವಾಗ ಹಿಂದಿನ ಕಾರಿನವನ ಹಾರ್ನ್. ರೈತರು ಕಡಿಮೆಯಾದಂತೆ ಬೀಜ ಮಾರುವ ಅಂಗಡಿ, ಯಂತ್ರ ರಿಪೇರಿ ಮಾಡುವವನು, ಧಾನ್ಯ ಕೊಳ್ಳುವ ವ್ಯಾಪಾರಿ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ. ಅವರು ಹೋದ ಮೇಲೆ ಉಳಿದ ರೈತನೂ ಹೊಲ ಮಾರುವ ಯೋಚನೆಗೆ ಬೀಳುತ್ತಾನೆ. ಐದು ಎಕರೆಯ ನಿಯಮ ಊರನ್ನೂ ಕಟ್ಟಲಿಲ್ಲ, ಹೊಲವನ್ನೂ ಉಳಿಸಲಿಲ್ಲ. ಇದ್ದ ನೆಲವನ್ನು ಅತಿ ಕಡಿಮೆ ಜನರಿಗೆ ಅತಿ ಬೇಗ ಹಂಚಿ ಮುಗಿಸುವ ದಾರಿ ಅದು.

1980ರಲ್ಲಿ ಕೌಂಟಿ ಹೊಸ ಯೋಜನೆ ಒಪ್ಪಿತು. ಆಗ ಪ್ಲಾನಿಂಗ್ ಬೋರ್ಡಿನ ಅಧ್ಯಕ್ಷರಾಗಿದ್ದವರು ರಾಯ್ಸ್ ಹ್ಯಾನ್ಸನ್. ಐದು ಎಕರೆಗೊಂದು ಮನೆ ಎಂದಿದ್ದುದು ಒಂದೇ ಏಟಿಗೆ ಇಪ್ಪತ್ತೈದು ಎಕರೆಗೊಂದು ಆಯಿತು. ನೂರು ಎಕರೆಯ ರೈತನ ಕೈಯಲ್ಲಿದ್ದ ಇಪ್ಪತ್ತು ಮನೆಗಳ ಅವಕಾಶ ನಾಲ್ಕಕ್ಕೆ ಇಳಿಯಿತು. ಅಮೆರಿಕದ ರೈತನಿಗೆ ಹೊಲವೇ ಪಿಂಚಣಿ, ಹೊಲವೇ ಬ್ಯಾಂಕಿನ ಜಾಮೀನು. ವಯಸ್ಸಾದ ಮೇಲೆ ಒಂದಷ್ಟು ಮಾರಿ ಬದುಕಬಹುದು ಎಂದು ನಂಬಿದವನಿಗೆ ಇದು ಎದೆಗೆ ಒದ್ದ ಹಾಗೆ. ಊರಿನವರು ಕಣ್ತುಂಬಿಕೊಳ್ಳುವ ಹಸಿರಿಗೆ ನಾವೇಕೆ ಬೆಲೆ ತೆರಬೇಕು ಎಂಬ ರೈತರ ಪ್ರಶ್ನೆಯಲ್ಲಿ ನ್ಯಾಯವಿತ್ತು. ವಿಷಯ ಕೋರ್ಟಿಗೂ ಹೋಯಿತು. 1983ರಲ್ಲಿ ತೀರ್ಪು ಕೌಂಟಿಯ ಪರವಾಗಿ ಬಂತು.

ಆದರೆ ಹ್ಯಾನ್ಸನ್ ಮತ್ತು ಅವರ ಜೊತೆಗಾರರು ರೈತರ ಪ್ರಶ್ನೆಗೆ ಕೋರ್ಟಿನ ಆಚೆಗೂ ಒಂದು ಉತ್ತರ ಹುಡುಕಿದ್ದರು. ಅಭಿವೃದ್ಧಿ ಹಕ್ಕಿನ ವರ್ಗಾವಣೆ, ನಮ್ಮಲ್ಲೂ ಟಿಡಿಆರ್ ಎಂದೇ ಹೆಸರಾದದ್ದು. ನ್ಯೂಯಾರ್ಕಿನಲ್ಲಿ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಂಥ ಹಳೆಯ ಕಟ್ಟಡವನ್ನು ಉಳಿಸಲು ಬಳಸಿದ ಉಪಾಯ ಅದು. ಆ ನಿಲ್ದಾಣದ ಮೊಕದ್ದಮೆಯಲ್ಲಿ 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಗರದ ಪರ ನಿಂತಿತ್ತು. ಮಾಂಟ್ಗೊಮೆರಿ ಅದನ್ನು ಹೊಲಕ್ಕೆ ತಂದಿತು. ಲೆಕ್ಕ ಹೀಗಿದೆ. ಕಟ್ಟುವ ಅವಕಾಶ ಇಪ್ಪತ್ತೈದು ಎಕರೆಗೊಂದು, ಆದರೆ ಮಾರಬಹುದಾದ ಹಕ್ಕು ಹಳೆಯ ನಿಯಮದಂತೆಯೇ ಐದು ಎಕರೆಗೊಂದು. ನೂರು ಎಕರೆಯವನಿಗೆ ಇಪ್ಪತ್ತು ಹಕ್ಕು. ನಾಲ್ಕು ಮನೆ ಕಟ್ಟುವ ಆಸೆ ಇದ್ದರೆ ನಾಲ್ಕು ಹಕ್ಕು ಇಟ್ಟುಕೊಂಡು ಹದಿನಾರನ್ನು ಮಾರಬಹುದು. ಕೊಳ್ಳುವವನು ಊರಿನ ಕಡೆಯ ಬಿಲ್ಡರ್. ಕೌಂಟಿ ಗುರುತಿಸಿದ ಬಡಾವಣೆಯಲ್ಲಿ ಎಕರೆಗೆ ಎರಡೇ ಮನೆ ಕಟ್ಟಬಹುದಾದವನು ಹಕ್ಕು ಕೊಂಡು ಇನ್ನೂ ಒಂದೆರಡು ಹೆಚ್ಚು ಕಟ್ಟುತ್ತಾನೆ. ಹಕ್ಕು ಮಾರಿದ ಹೊಲದ ದಾಖಲೆಯಲ್ಲಿ ಶಾಶ್ವತವಾದ ಒಂದು ಷರತ್ತು ಬೀಳುತ್ತದೆ. ಮಗ ಬಂದರೂ ಮೊಮ್ಮಗ ಬಂದರೂ ಆ ಮನೆಗಳು ಅಲ್ಲಿ ಏಳುವಂತಿಲ್ಲ. ಸರ್ಕಾರದ ಖಜಾನೆಯಿಂದ ಒಂದು ಡಾಲರ್ ಬಿಚ್ಚದೆ, ಈ ಹಕ್ಕಿನ ವ್ಯಾಪಾರವೊಂದರಿಂದಲೇ 50 ಸಾವಿರ ಎಕರೆಗೂ ಮಿಕ್ಕಿದ ನೆಲ ಹೀಗೆ ಷರತ್ತಿಗೆ ಒಳಪಟ್ಟಿದೆ.

ನಿಯಮದಲ್ಲಿ ರೈತ ಕುಟುಂಬದ ಬದುಕಿಗೆ ಸಂದ ಒಂದು ಗೌರವವೂ ಇದೆ. 1981ರ ಆರಂಭಕ್ಕೆ ಮೊದಲೇ ಜಮೀನು ಹೊಂದಿದ್ದವರು, ಇಪ್ಪತ್ತೈದು ಎಕರೆಯ ಲೆಕ್ಕದ ಹೊರಗೆ, ತಮ್ಮ ಒಬ್ಬೊಬ್ಬ ಮಗ ಅಥವಾ ಮಗಳಿಗೆ ಒಂದೊಂದು ಮನೆಯ ಸೈಟು ಬಿಡಿಸಿ ಕೊಡಬಹುದು. ಹಿಸ್ಸೆ ಮಾಡಿಕೊಂಡು ಪೋಡಿಗೆ ಓಡಾಡಿದ ನಮ್ಮ ರೈತರಿಗೆ ಇದರ ಬೆಲೆ ಗೊತ್ತಿರುತ್ತದೆ. ಹಾಗೆ ಕೊಟ್ಟದ್ದೂ ಸುಮ್ಮನೆ ಮನೆಯಾಗುವುದಿಲ್ಲ. ಮೀಸಲು ವಲಯಕ್ಕೆ ಒಳಚರಂಡಿ ಕೊಳವೆ ಎಳೆಯುವುದಿಲ್ಲ, ಅದು ಬೇಕೆಂದೇ ಮಾಡಿದ ತೀರ್ಮಾನ. ಮನೆಯ ಕೊಳಕು ನೀರು ಅದೇ ಸೈಟಿನ ಮಣ್ಣಿನಲ್ಲಿ ಇಂಗಬೇಕು. ಚಳಿಗಾಲ ಮುಗಿಯುತ್ತಾ ಅಂತರ್ಜಲ ಮೇಲೆ ಬಂದಿರುವ ಹೊತ್ತಿನಲ್ಲಿ ಗುಂಡಿ ತೋಡಿ, ನೀರಿನ ಮಟ್ಟ ನೋಡಿ, ಗುಂಡಿಗೆ ನೀರು ಸುರಿದು ಎಷ್ಟು ನಿಮಿಷಕ್ಕೆ ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಮಣ್ಣು ನೀರು ಕುಡಿಯದಿದ್ದರೆ ಅಲ್ಲಿ ಮನೆ ಇಲ್ಲ. ನಕ್ಷೆಯ ಮೇಲೆ ಎಷ್ಟೇ ಹಕ್ಕಿರಲಿ, ಕೊನೆಯ ಸಹಿ ಹಾಕುವುದು ಮಣ್ಣು.

ಇಷ್ಟರಮಟ್ಟಿಗೆ ಇದು ಹೊಲದ ಕಥೆ. ನನಗೆ ಮುಖ್ಯವೆನಿಸುವುದು ಇನ್ನೊಂದು ತುದಿ. ಹಕ್ಕು ಹೊಲದಿಂದ ಹೊರಟರೆ ಸಾಲದು, ಎಲ್ಲಾದರೂ ಹೋಗಿ ಇಳಿಯಬೇಕು. ಇಳಿಯುವ ಜಾಗದಲ್ಲಿ ಆಗಲೇ ಜನ ಇದ್ದಾರೆ, ಅವರಿಗೆ ತಮ್ಮ ಬೀದಿ ಈಗಿರುವಂತೆಯೇ ಇರಬೇಕು. ರೈತರ ಹೊಲ ಉಳಿಯಲಿ ಎಂದು ಸಹಿ ಹಾಕಿದವರೇ ಪಕ್ಕದ ಸೈಟಿನಲ್ಲಿ ಟೌನ್‌ಹೌಸ್ ಏಳುತ್ತದೆ ಎಂದ ಕೂಡಲೇ ಪ್ಲಾನಿಂಗ್ ಬೋರ್ಡಿನ ಸಾರ್ವಜನಿಕ ವಿಚಾರಣೆಗೆ ಹೆಸರು ಕೊಡುತ್ತಾರೆ. ಕೌಂಟಿಯ ಪಶ್ಚಿಮ ಭಾಗದ ನಾಗರಿಕರ ಸಂಘವೊಂದು ಮೊಕದ್ದಮೆ ಹೂಡಿ 1987ರಲ್ಲಿ ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದೂಬಿಟ್ಟಿತು. ಯಾವ ಬಡಾವಣೆಯಲ್ಲಿ ಎಷ್ಟು ಹೆಚ್ಚುವರಿ ಮನೆ ಎಂಬುದನ್ನು ಯೋಜನೆಯ ಪುಸ್ತಕದಲ್ಲಿ ಬರೆದರೆ ಸಾಲದು, ಝೋನಿಂಗ್ ನಿಯಮದಲ್ಲೇ ನಮೂದಿಸಬೇಕು ಎಂದು ಕೋರ್ಟು ಹೇಳಿತು. ಕೌನ್ಸಿಲ್ ಬೇರೆಯೇ ಟಿಡಿಆರ್ ವಲಯಗಳನ್ನು ರಚಿಸಿ ನಿಯಮವನ್ನು ಸರಿಪಡಿಸಿಕೊಂಡಿತು. ಆ ತಿದ್ದುಪಡಿ ಆಗದೇ ಹೋಗಿದ್ದರೆ ರೈತರ ಕೈಯಲ್ಲಿದ್ದ ಹಕ್ಕುಪತ್ರಗಳು ಬರೀ ಕಾಗದವಾಗುತ್ತಿದ್ದವು.

ಮೀಸಲು ವಲಯಕ್ಕೆ ಒತ್ತಿಕೊಂಡಂತೆ ಬೆಳೆದ ಊರು ಕ್ಲಾರ್ಕ್ಸ್‌ಬರ್ಗ್. ಅಲ್ಲಿ ಟೌನ್‌ಹೌಸ್ ಕೊಂಡಿರುವ ನನ್ನ ಭಾವ ಒಮ್ಮೆ ಸಂಜೆ ನಡಿಗೆಯಲ್ಲಿ ಹೊಲದ ಕಡೆ ಕೈ ತೋರಿಸಿ ಹೇಳಿದ್ದರು, “ಅಷ್ಟು ಜಾಗ ಖಾಲಿ ಬಿದ್ದಿದೆ ನೋಡು. ಇಲ್ಲಿ ನಾವು ಗೋಡೆಗೆ ಗೋಡೆ ಹಚ್ಚಿಕೊಂಡು ಕೂತಿದ್ದೀವಿ.” ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ಬೆಳಿಗ್ಗೆ ಹೆದ್ದಾರಿ 270ರಲ್ಲಿ ಆಮೆನಡಿಗೆಯಲ್ಲಿ ಕೆಲಸಕ್ಕೆ ಹೋಗುವವರು ಅವರು. ಅವರ ಊರಿಗೆ ಮೆಟ್ರೋ ಬಂದಿಲ್ಲ. ಆದರೆ ಆ ಗೋಡೆಗೆ ಗೋಡೆ ಹಚ್ಚಿದ ಮನೆಗಳೂ ಆ ಹೊಲವೂ ಒಂದೇ ಯೋಜನೆಯ ಎರಡು ಮುಖಗಳು. ಆಚೆ ಹೊಲದಲ್ಲಿ ಐದೈದು ಎಕರೆಗೆ ಮನೆ ಬಿಟ್ಟಿದ್ದರೆ ಭಾವನಿಗೆ ದೊಡ್ಡ ಸೈಟೇನೂ ಸಿಗುತ್ತಿರಲಿಲ್ಲ, ಅಷ್ಟು ಹಣ ಅವರಲ್ಲಿರಲಿಲ್ಲ. ಟೌನ್‌ಹೌಸಿಗೆ ಜಾಗ ಕೊಟ್ಟದ್ದರಿಂದಲೇ ಅವರಿಗೊಂದು ಮನೆ ಸಿಕ್ಕಿತು. ಅವರಿಗೆ ಕೌಂಟಿ ಸಲ್ಲಿಸಬೇಕಾದ ಬಾಕಿ ಬಸ್ಸು ಮತ್ತು ರೈಲು, ಹೊಲವಲ್ಲ.

ನದಿಯ ಆಚೆ ದಡದಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. 1990ರಲ್ಲಿ ಲೌಡನ್ನಿನ ಜನಸಂಖ್ಯೆ ಕೇವಲ 86 ಸಾವಿರ. ಮೂವತ್ತು ವರ್ಷದಲ್ಲಿ ಅದು ಐದು ಪಟ್ಟಿನ ಹತ್ತಿರಕ್ಕೆ ಬಂತು. ಪಶ್ಚಿಮ ಭಾಗದ ಹೊಲಗಳಲ್ಲಿ ಮೂರು ಎಕರೆಗೊಂದು ಮನೆಗೆ ಅವಕಾಶವಿತ್ತು. 2003ರಲ್ಲಿ ಎಚ್ಚೆತ್ತ ಕೌಂಟಿ ಕೆಲವು ಕಡೆ ಹತ್ತು, ಕೆಲವು ಕಡೆ ಇಪ್ಪತ್ತು, ಕೆಲವು ಕಡೆ ಐವತ್ತು ಎಕರೆಗೊಂದು ಎಂದು ಬಿಗಿ ಮಾಡಿತು. ಹಕ್ಕು ವರ್ಗಾವಣೆಯ ಪರಿಹಾರ ಅಲ್ಲಿರಲಿಲ್ಲ. ಭೂಮಾಲೀಕರು ಸಾಲುಸಾಲಾಗಿ ದಾವೆ ಹೂಡಿದರು. 2005ರಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟು ಇಡೀ ನಿಯಮವನ್ನು ತಳ್ಳಿಹಾಕಿತು. ಕಾರಣ, ಕೌಂಟಿ ಪತ್ರಿಕೆಯಲ್ಲಿ ಕೊಟ್ಟ ಸಾರ್ವಜನಿಕ ಪ್ರಕಟಣೆಯಲ್ಲಿ ಸಾಕಷ್ಟು ವಿವರ ಇರಲಿಲ್ಲ. ಮರುವರ್ಷ ಹೊಸದಾಗಿ ನಿಯಮ ಬಂತು, ಮೊದಲಿನಷ್ಟು ಬಿಗಿಯಾಗಿ ಅಲ್ಲ. ಅಷ್ಟರಲ್ಲಿ ಬುಲ್ಡೋಜರುಗಳು ತಮ್ಮ ಕೆಲಸ ಮಾಡಿದ್ದವು. ಹೊಲದ ವಿಷಯದಲ್ಲಿ ತಡವಾದ ನಿಯಮ ಅರ್ಧ ನಿಯಮ. ಮಾಂಟ್ಗೊಮೆರಿ ತನ್ನದನ್ನು ಲೌಡನ್ನಿಗಿಂತ ಕಾಲು ಶತಮಾನ ಮೊದಲೇ ಮಾಡಿಕೊಂಡಿತ್ತು.

ಸೈಟಿನ ಅಳತೆಯ ನಿಯಮಕ್ಕೆ ಕರಾಳವಾದ ಒಂದು ಇತಿಹಾಸವೂ ಇದೆ. ಅದನ್ನು ಬದಿಗಿಟ್ಟು ಹಸಿರನ್ನಷ್ಟೇ ಹೊಗಳಲು ನನಗೆ ಮನಸ್ಸಿಲ್ಲ. ಇದೇ ಮೇರಿಲ್ಯಾಂಡಿನ ಬಾಲ್ಟಿಮೋರ್ ನಗರ 1910ರಲ್ಲಿ ಕರಿಯರು ಯಾವ ಬೀದಿಯಲ್ಲಿರಬೇಕು, ಬಿಳಿಯರು ಯಾವ ಬೀದಿಯಲ್ಲಿರಬೇಕು ಎಂದು ಕಾನೂನು ಮಾಡಿತ್ತು. 1917ರಲ್ಲಿ, ಕೆಂಟಕಿಯ ಲೂಯಿವಿಲ್ ನಗರದ ಅಂಥದೇ ಕಾನೂನಿನ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಬಣ್ಣದ ಹೆಸರು ಹೇಳಿ ಹೊರಗಿಡುವ ದಾರಿ ಮುಚ್ಚಿತು. 1926ರಲ್ಲಿ ಓಹಾಯೋದ ಯೂಕ್ಲಿಡ್ ಎಂಬ ಊರಿನ ಝೋನಿಂಗ್ ನಿಯಮವನ್ನು ಅದೇ ಕೋರ್ಟು ಎತ್ತಿಹಿಡಿಯಿತು; ಒಂಟಿ ಮನೆಗಳ ಬೀದಿಗೆ ಬಂದ ಅಪಾರ್ಟ್‌ಮೆಂಟು ಪರಾವಲಂಬಿ ಇದ್ದ ಹಾಗೆ ಎಂಬ ಮಾತು ಆ ತೀರ್ಪಿನಲ್ಲಿದೆ. ಆಮೇಲೆ ದೇಶದ ಉದ್ದಗಲಕ್ಕೂ ಒಂದು ಮೌನ ಪದ್ಧತಿ ಬೆಳೆಯಿತು. ಅರ್ಧ ಎಕರೆಗಿಂತ ಚಿಕ್ಕ ಸೈಟಿಲ್ಲ, ಎರಡು ಎಕರೆಗಿಂತ ಚಿಕ್ಕ ಸೈಟಿಲ್ಲ ಎಂದುಬಿಟ್ಟರೆ ಸಾಕು, ಬಡವರು ತಾವಾಗಿಯೇ ಹೊರಗುಳಿಯುತ್ತಾರೆ. ಬಡವರಲ್ಲಿ ಕರಿಯರು ಎಷ್ಟು ಜನ ಎಂಬುದು ಎಲ್ಲರಿಗೂ ಗೊತ್ತಿತ್ತು.

ನ್ಯೂಜೆರ್ಸಿಯ ಮೌಂಟ್ ಲಾರೆಲ್ ಎಂಬ ಊರಿನಲ್ಲಿ ತಲೆಮಾರುಗಳಿಂದ ಬಾಳಿದ ಕರಿಯ ಕುಟುಂಬಗಳು ತಮ್ಮದೇ ಊರಿನಲ್ಲಿ ಕಡಿಮೆ ಬೆಲೆಯ ಮನೆಗಳಿಗೆ ಅನುಮತಿ ಕೇಳಿ ನಿರಾಕರಣೆ ಪಡೆದವು. ಎಥೆಲ್ ಲಾರೆನ್ಸ್ ಎಂಬ ಮಹಿಳೆ ಆ ಹೋರಾಟದ ಮುಂದಾಳಾದರು. ಬೆಳೆಯುತ್ತಿರುವ ಪ್ರತಿಯೊಂದು ಊರೂ ಕಡಿಮೆ ಆದಾಯದವರ ಮನೆಗಳಿಗೆ ತನ್ನ ಪಾಲಿನ ಜಾಗ ಕೊಡಲೇಬೇಕು ಎಂದು ಆ ರಾಜ್ಯದ ಸುಪ್ರೀಂ ಕೋರ್ಟು 1975ರಲ್ಲಿ ತೀರ್ಪು ಕೊಟ್ಟಿತು. ಮಾಂಟ್ಗೊಮೆರಿ ಅದಕ್ಕೂ ಒಂದು ವರ್ಷ ಮೊದಲು, 1974ರಲ್ಲಿ, ತಾನಾಗಿಯೇ ಒಂದು ಕಾನೂನು ತಂದಿತ್ತು. ದೊಡ್ಡ ಬಡಾವಣೆ ಮಾಡುವ ಬಿಲ್ಡರ್ ಅದರಲ್ಲಿ ಇಂತಿಷ್ಟು ಪಾಲು ಮನೆಗಳನ್ನು ಸಾಧಾರಣ ಆದಾಯದವರ ಕೈಗೆಟಕುವ ಬೆಲೆಗೆ ಕೊಡಬೇಕು. ಬದಲಿಗೆ ಅವನಿಗೆ ನಿಯಮಕ್ಕಿಂತ ಕೆಲವು ಮನೆ ಹೆಚ್ಚು ಕಟ್ಟುವ ಅವಕಾಶ. ಶಾಲೆಯ ಶಿಕ್ಷಕಿ, ಬಸ್ಸಿನ ಚಾಲಕ ಇಂಥವರು ಇಂಥ ದುಬಾರಿ ಕೌಂಟಿಯಲ್ಲೂ ಮನೆ ಮಾಡಿಕೊಳ್ಳಲು ಇದು ದಾರಿ ಮಾಡಿಕೊಟ್ಟಿತು. ಬೇಸಾಯದ ಮೀಸಲು ಮತ್ತು ಈ ಮನೆ ಕಾನೂನು ಒಂದೇ ದಶಕದ ಮಕ್ಕಳು. ಒಂದನ್ನು ಬಿಟ್ಟು ಇನ್ನೊಂದನ್ನು ನಾನು ಸಮರ್ಥಿಸಲಾರೆ.

ಹಾಗೆಂದು ಮೀಸಲು ವಲಯದಿಂದ ಯಾರಿಗೂ ನೋವಾಗಿಲ್ಲ ಎನ್ನಲಾಗದು. ಸಿಲ್ವರ್ ಸ್ಪ್ರಿಂಗ್ ಊರಿನ ಬೆಥೆಲ್ ಎಂಬ ಚರ್ಚಿನ ಸಭೆಗೆ ಇದ್ದ ಕಟ್ಟಡ ಸಾಲದಾಯಿತು. 2004ರಲ್ಲಿ ಅದು ಮೀಸಲು ವಲಯದಲ್ಲಿ 119 ಎಕರೆ ಕೊಂಡು, ಮೂರು ಸಾವಿರ ಜನ ಕೂರುವ ಚರ್ಚು ಕಟ್ಟಲು ಹೊರಟಿತು. 2005ರಲ್ಲಿ ಕೌನ್ಸಿಲ್ ಇಂಥ ಸಂಸ್ಥೆಗಳಿಗೆ ಮೀಸಲು ವಲಯದಲ್ಲಿ ಸಾರ್ವಜನಿಕ ನೀರು ಮತ್ತು ಒಳಚರಂಡಿ ಕೊಡುವುದನ್ನು ನಿಲ್ಲಿಸಿತು. ಮುಂದೆ, ಹಕ್ಕು ಮಾರಿದ ಜಮೀನಿನ ಮೇಲೆ ಅಂಥ ಕಟ್ಟಡಗಳನ್ನೇ ನಿಷೇಧಿಸಿತು. ಚರ್ಚು ಕೋರ್ಟಿಗೆ ಹೋಯಿತು. ಕೊಂಡಾಗ ಕಟ್ಟಬಹುದೆಂಬ ನಿರೀಕ್ಷೆಗೆ ಚರ್ಚಿಗೆ ಆಧಾರವಿತ್ತು, ಅದನ್ನು ಕೌಂಟಿ ಅಡ್ಡಗಟ್ಟಿದ್ದು ಧಾರ್ಮಿಕ ಆಚರಣೆಯ ಮೇಲೆ ಹೊರೆಯಾಗಬಹುದು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿತು. ಹೊಲವನ್ನು ಪ್ರೀತಿಸುವ ನನಗೂ ಇಲ್ಲಿ ಚರ್ಚಿನವರ ಮಾತು ನ್ಯಾಯವೆನಿಸುತ್ತದೆ. ಊರಿನೊಳಗೆ ದೊಡ್ಡ ಸಭೆಗೆ ಜಾಗ ಸಿಗದಂತೆ ಸೈಟಿನ ಬೆಲೆ ಏರಿದಾಗ ಇಂಥವರು ಹೊಲದ ಕಡೆ ನೋಡುವುದು ಸಹಜ. ದೇವಸ್ಥಾನಕ್ಕೋ ಸಂಘದ ಭವನಕ್ಕೋ ಜಾಗ ಹುಡುಕಿದ ಯಾವ ವಲಸಿಗ ಸಮುದಾಯವೂ ಈ ಕಷ್ಟವನ್ನು ಬಲ್ಲದು.

ಇನ್ನೊಂದು ತಗಾದೆ ಸೂರ್ಯವಿದ್ಯುತ್ತಿನದು. ಹೊಲದಲ್ಲಿ ಸೋಲಾರ್ ಫಲಕ ಹಾಕಬಹುದೇ ಎಂಬ ಚರ್ಚೆ 2021ರಲ್ಲಿ ಕಾವೇರಿ, ಉತ್ತಮ ದರ್ಜೆಯ ಮಣ್ಣಿರುವ ನೆಲವನ್ನು ಬಿಟ್ಟು ಉಳಿದ ಕಡೆ ಷರತ್ತಿನ ಮೇಲೆ ಸಣ್ಣ ಪ್ರಮಾಣದಲ್ಲಿ ಎಂಬ ರಾಜಿಗೆ ಬಂತು. ಹೊಸ ರೈತರ ಸಮಸ್ಯೆ ಇದಕ್ಕಿಂತ ದೊಡ್ಡದು. ಇಪ್ಪತ್ತೈದು ಎಕರೆಯ ತುಂಡೊಂದು ಮಾರಾಟಕ್ಕೆ ಬಂದರೆ ಅದನ್ನು ಕೊಳ್ಳಲು ಕುದುರೆ ಸಾಕುವ ಶ್ರೀಮಂತರು ತಯಾರಿರುತ್ತಾರೆ. ತರಕಾರಿ ಬೆಳೆಯಲು ಬಂದ ಯುವಕನಿಗೆ ಅದು ದಕ್ಕುವುದಿಲ್ಲ, ಅವನು ಗುತ್ತಿಗೆ ನೆಲವನ್ನೇ ನಂಬಬೇಕು. ಮನೆ ಏಳುವುದನ್ನು ನಿಯಮ ತಡೆದೀತು, ಬೆಳೆ ಏಳುವಂತೆ ಮಾಡಲು ಅದಕ್ಕೆ ಕೈಯಿಲ್ಲ.

ಈಗ ಚರ್ಚೆಯೆಲ್ಲ ಊರಿನ ಒಳಗಿನ ‘ಆರ್-60’, ‘ಆರ್-90’ ವಲಯಗಳಿಗೆ ಬಂದಿದೆ. ಮನೆಗಳ ಬೆಲೆ ಮಧ್ಯಮ ವರ್ಗದ ಕೈ ಮೀರಿದೆ. 1964ರ ಯೋಜನೆಯ ಜಾಗಕ್ಕೆ 2022ರಲ್ಲಿ ‘ಥ್ರೈವ್ ಮಾಂಟ್ಗೊಮೆರಿ 2050’ ಬಂತು. ಇರುವ ಬಡಾವಣೆಗಳಲ್ಲೇ ಹೆಚ್ಚು ಜನಕ್ಕೆ ಜಾಗ ಮಾಡಬೇಕು ಎಂಬುದು ಅದರ ಒತ್ತು. 2024ರಲ್ಲಿ ಒಂಟಿ ಮನೆಗಳ ಬೀದಿಗಳಲ್ಲಿ ಎರಡು, ಮೂರು ಮನೆಗಳ ಕಟ್ಟಡಕ್ಕೆ ಅವಕಾಶ ಕೊಡುವ ಸಲಹೆ ಹೊರಬಿದ್ದಾಗ ಸಭೆಗಳಲ್ಲಿ ಗದ್ದಲವೋ ಗದ್ದಲ. ಮರುವರ್ಷ ಕೌನ್ಸಿಲ್ ಅದರ ಚಿಕ್ಕ ರೂಪವೊಂದನ್ನು ಒಪ್ಪಿತು, ದೊಡ್ಡ ರಸ್ತೆಗಳ ಬದಿಯ ಸೈಟುಗಳಿಗೆ ಮಾತ್ರ. ದೇಶದ ಇನ್ನೊಂದು ತುದಿಯಲ್ಲಿ, ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾದಲ್ಲಿ, 2021ರ ಕಾನೂನೊಂದು ಒಂಟಿ ಮನೆಯ ಸೈಟನ್ನು ಎರಡು ಮಾಡಲು ಅನುಮತಿಸಿತು. ಒಡೆದ ಸೈಟು 1,200 ಚದರ ಅಡಿಗಿಂತ ಕಡಿಮೆ ಇರಬಾರದು ಎಂಬುದು ಅದರ ಷರತ್ತು. ಮೂವತ್ತು-ನಲವತ್ತರ ಸೈಟಿನಲ್ಲಿ ಹುಟ್ಟಿ ಬೆಳೆದ ಬೆಂಗಳೂರಿನವರಿಗೆ ಆ ಅಳತೆಯನ್ನು ಯಾರೂ ಪರಿಚಯಿಸಬೇಕಿಲ್ಲ. ಅಷ್ಟರಲ್ಲಿ ಒಂದು ಸಂಸಾರ ನೆಮ್ಮದಿಯಾಗಿ ಬಾಳಬಹುದು ಎಂದು ವಿಚಾರಣೆಯಲ್ಲಿ ಎದ್ದುನಿಂತು ಹೇಳಲು ಅವರಿಗಿಂತ ಯೋಗ್ಯ ಸಾಕ್ಷಿಗಳು ಸಿಗಲಾರರು. ಮಾಂಟ್ಗೊಮೆರಿಯ ಕನ್ನಡಿಗರೂ ಆ ಮಾತು ಹೇಳಲಿ ಎಂದು ನನ್ನ ಆಸೆ.

ಟಿಡಿಆರ್ ಕರ್ನಾಟಕಕ್ಕೂ ಬಂದಿದೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಕಲಮಿನಡಿ, ಬೆಂಗಳೂರಿನಲ್ಲಿ ಅದು ಹೆಚ್ಚಾಗಿ ರಸ್ತೆ ಅಗಲ ಮಾಡಲು ಬಿಟ್ಟುಕೊಟ್ಟ ಜಾಗಕ್ಕೆ ಹಣದ ಬದಲು ಕೊಡುವ ಪತ್ರವಾಗಿ ಬಳಕೆಯಾಯಿತು. ಪತ್ರ ಪಡೆದವರಲ್ಲಿ ಅನೇಕರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಬೀರುವಿನಲ್ಲಿಟ್ಟಿದ್ದಾರೆ. ಮಾಂಟ್ಗೊಮೆರಿಯ ಅನುಭವ ಹೇಳುವುದು ಇಷ್ಟೇ: ಹಕ್ಕಿಗೆ ಬೆಲೆ ಬರುವುದು ಅದು ಎಲ್ಲಿ ಇಳಿಯಬೇಕೆಂದು ಮೊದಲೇ ನಕ್ಷೆಯಲ್ಲಿ ಬರೆದು, ಅಲ್ಲಿ ಹಕ್ಕು ಕೊಳ್ಳದೆ ಹೆಚ್ಚು ಕಟ್ಟಲು ಯಾರಿಗೂ ಬಿಡದಿದ್ದಾಗ. ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದೆಂಬ ಆಸೆ ಇರುವ ಕಡೆ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು?

ಆ ಕೌಂಟಿಗೂ ಇಳಿಯುವ ಜಾಗದ ಕೊರತೆ ಕಾಡಿತು. ಹೊಸ ಬಡಾವಣೆ ಮಾಡಲು ಖಾಲಿ ನೆಲ ಮುಗಿಯುತ್ತಾ ಬಂದಂತೆ ಹಕ್ಕು ಕೊಳ್ಳುವವರು ಕಡಿಮೆಯಾದರು. ಇಪ್ಪತ್ತೈದು ಎಕರೆಗೊಂದು ಮನೆಯ ಅವಕಾಶವನ್ನು ಕೈಯಲ್ಲಿಟ್ಟುಕೊಂಡ ರೈತರು ಇನ್ನೂ ಎಷ್ಟೋ ಜನ ಇದ್ದರು. ಆ ಕೊನೆಯ ಅವಕಾಶವನ್ನೂ ದುಡ್ಡು ಕೊಟ್ಟು ಕೊಂಡು ಅಳಿಸಿಹಾಕಲು ಕೌಂಟಿ ಬೇರೆಯೇ ಒಂದು ಯೋಜನೆ ತಂದಿತು. ಅಲ್ಲಿ ಮನೆ ಕಟ್ಟಲು ಮಣ್ಣು ಒಪ್ಪುತ್ತದೆ ಎಂದು ಪರೀಕ್ಷೆಯಲ್ಲಿ ಸಾಬೀತಾಗಿರಬೇಕು, ಎಂದೂ ಏಳದ ಮನೆಗೆ ಯಾರೂ ಬೆಲೆ ಕಟ್ಟುವಂತಿಲ್ಲ. 2010ರಿಂದ ಮೆಟ್ರೋ ನಿಲ್ದಾಣಗಳ ಸುತ್ತ ಅಂಗಡಿ-ವಾಸ ಎರಡಕ್ಕೂ ಅವಕಾಶವಿರುವ ಹೊಸ ವಲಯಗಳು ಬಂದವು. ಅಲ್ಲಿ ಎತ್ತರದ ಕಟ್ಟಡ ಕಟ್ಟುವವನು ಸಮಾಜಕ್ಕೆ ಮಾಡಿಕೊಡಬೇಕಾದ ಅನುಕೂಲಗಳ ಪಟ್ಟಿಯಲ್ಲಿ ಈ ಖರೀದಿಯೂ ಸೇರಿತು. ಆಗ ವೈಟ್ ಫ್ಲಿಂಟ್ ಎಂಬ ಹೆಸರಿದ್ದ ನಿಲ್ದಾಣದ ಪಕ್ಕ ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದರೆ, ಅದರ ದುಡ್ಡಿನ ಒಂದು ಪಾಲು ಹೊಲದ ಕಡೆಗೆ ಹೋಗುವ ದಾರಿ ಹೀಗೆ ತೆರೆಯಿತು.

ದೊಡ್ಡ ರಸ್ತೆಗಳ ಬದಿಯಲ್ಲಿ ಈಗ ಬರಲಿರುವ ಎರಡು ಮನೆ, ಮೂರು ಮನೆಗಳ ಸಣ್ಣ ಕಟ್ಟಡಗಳಿಗೆ ಇಂಥ ಹೊರೆ ಹೊರಿಸುವುದು ಸರಿಯಲ್ಲ, ಅವು ಮೊದಲು ಸಲೀಸಾಗಿ ಏಳಲಿ. ಎರಡು ಎಕರೆಯ ‘ಆರ್‌ಇ-2’ ಸೈಟುಗಳ ಸರದಿ ಬಂದಾಗ ಮಾತ್ರ ಕೌನ್ಸಿಲ್ ಗಟ್ಟಿಯಾಗಬೇಕು. ಬೇಸಾಯವೂ ಇಲ್ಲದೆ ಊರೂ ಆಗದೆ ಕೌಂಟಿಯ ನಡುಭಾಗದಲ್ಲಿ ಮಲಗಿರುವ ಆ ಹುಲ್ಲುಹಾಸುಗಳಲ್ಲಿ ಇನ್ನೂ ನಾಲ್ಕು ಸಂಸಾರಕ್ಕೆ ಜಾಗವಿದೆ, ರೈತರ ಕೈಯಲ್ಲಿ ಉಳಿದಿರುವ ಹಕ್ಕುಗಳು ಹೋಗಿ ಇಳಿಯಲೂ ಜಾಗವಿದೆ.